ನೀರಿನಡಿಯ ಫಿರಂಗಿ: ಯು-ಬೋಟಿನ ಡೆಕ್ ಗನ್ 1/48 ಅಳತೆಯಲ್ಲಿ

ಎರಡನೇ ಮಹಾಯುದ್ಧದಲ್ಲಿ ಜರ್ಮನಿ ಅತಿ ಹೆಚ್ಚು ಸಂಖ್ಯೆಯಲ್ಲಿ ಕಟ್ಟಿದ ಯು-ಬೋಟ್, ಅಂದರೆ ಜಲಾಂತರ್ಗಾಮಿ, ಟೈಪ್ 7ಸಿ. ಅದರ ಕಾನಿಂಗ್ ಟವರಿನ, ಅಂದರೆ ಡೆಕ್ಕಿನ ಮೇಲೆ ಎದ್ದು ನಿಂತ ಗೋಪುರದ ಮುಂದೆ, ಮರದ ಪಟ್ಟಿಗಳನ್ನು ಹಾಸಿದ ಡೆಕ್ಕಿನ ಮೇಲೆ, ಒಂದು 8.8 ಸೆಂಟಿಮೀಟರ್ ಫಿರಂಗಿ ನಿಂತಿರುತ್ತಿತ್ತು. ಆ ಫಿರಂಗಿಯ ಮಾದರಿಯನ್ನು, ಸುತ್ತಲಿನ ಡೆಕ್ಕಿನ ಒಂದು ತುಂಡಿನ ಸಮೇತ, 1/48 ಅಳತೆಯಲ್ಲಿ ಈಚೆಗೆ ಮಾಡಿ ಮುಗಿಸಿದೆ. ಪೂರ್ತಿ ದೋಣಿಯ ಮಾದರಿ ಮಾಡುವವರು ಸಾಮಾನ್ಯವಾಗಿ ಇದಕ್ಕೆ ಒಂದು ಸಂಜೆ ಕೊಟ್ಟು ಮುಂದೆ ಹೋಗುತ್ತಾರೆ. ನಾನು ಇದೊಂದನ್ನೇ ಹಿಡಿದು ಕೂತದ್ದಕ್ಕೆ ಕಾರಣವಿದೆ. ನೆಲದ ಮೇಲಿನ ಫಿರಂಗಿಯಾಗಲಿ, ಯುದ್ಧನೌಕೆಯ ಫಿರಂಗಿಯಾಗಲಿ ತನ್ನ ಆಯುಷ್ಯವನ್ನು ಗಾಳಿಯಲ್ಲಿ ಕಳೆಯುತ್ತದೆ. ಇದು ಮಾತ್ರ ಮತ್ತೆ ಮತ್ತೆ ಉಪ್ಪುನೀರಿನಲ್ಲಿ ಮುಳುಗಿ, ಎದ್ದ ಕೆಲವೇ ನಿಮಿಷಗಳಲ್ಲಿ ಗುಂಡು ಹಾರಿಸಲು ಸಿದ್ಧವಾಗಬೇಕಾಗಿತ್ತು. ಇದರ ಮೇಲಿರುವ ಭಾಗಗಳೂ, ಬೇಕೆಂದೇ ಕೈಬಿಟ್ಟ ಕೆಲವು ಭಾಗಗಳೂ ಆ ಒಂದು ಒತ್ತಾಯದಿಂದ ಹುಟ್ಟಿದವು. ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಕೂತರೆ ಯಾವ ವಿವರ ಬೇಕು, ಯಾವುದು ಬೇಡ ಎಂಬುದನ್ನು ನೀರೇ ಹೇಳಿಕೊಡುತ್ತದೆ.

ಮೊದಲು ಅಸಲಿನ ವಿಷಯ. ಈ ಫಿರಂಗಿಯ ಅಧಿಕೃತ ಹೆಸರು 8.8 ಸೆಂ.ಮೀ. ಎಸ್‌ಕೆ ಸಿ/35. ಅದೇ ಯುದ್ಧದಲ್ಲಿ ಹೆಸರು ಮಾಡಿದ ಜರ್ಮನ್ ಭೂಸೇನೆಯ ವಿಮಾನನಿರೋಧಕ 'ಎಂಬತ್ತೆಂಟು' ಇದೇ ಎಂದು ಅನೇಕರು ತಿಳಿದಿದ್ದಾರೆ. ಅದು ತಪ್ಪು. ಎರಡಕ್ಕೂ ಸಮಾನವಾಗಿರುವುದು ನಳಿಗೆಯ ಒಳವ್ಯಾಸ ಒಂದೇ. ಒಂದರ ಗುಂಡನ್ನು ಇನ್ನೊಂದಕ್ಕೆ ತುಂಬಲು ಬರುವುದಿಲ್ಲ, ರಚನೆಯೂ ಬೇರೆ. ಭೂಸೇನೆಯದು ಆಕಾಶದ ಕಡೆ ಬಹುಮಟ್ಟಿಗೆ ನೆಟ್ಟಗೆ ಏಳಬಲ್ಲದು, ಇದು 30 ಡಿಗ್ರಿಗಿಂತ ಮೇಲೆ ಏಳುವುದಿಲ್ಲ. ಅಷ್ಟು ಎತ್ತರಿಸಿದಾಗ ಅದರ ಗುಂಡು ಸುಮಾರು 12 ಕಿಲೋಮೀಟರ್ ದೂರ ಹೋಗುತ್ತಿತ್ತು, ಗುಂಡು ನಳಿಗೆಯಿಂದ ಹೊರಬೀಳುವ ವೇಗ ಸೆಕೆಂಡಿಗೆ 700 ಮೀಟರ್. ಕಾಗದದ ಮೇಲಿನ ಆ ದೂರಕ್ಕೆ ಸಮುದ್ರದಲ್ಲಿ ದೊಡ್ಡ ಬೆಲೆಯೇನೂ ಇರಲಿಲ್ಲ. ದೋಣಿ ಕಿರಿದು, ಡೆಕ್ಕು ನೀರಿಗೆ ತೀರ ಹತ್ತಿರ, ಕಾಲಡಿಯ ನೆಲ ಸದಾ ಉರುಳಾಡುತ್ತಿತ್ತು. ಹಾಗಾಗಿ ಗುರಿ ಹಿಡಿಯಬೇಕಾದರೆ ಹತ್ತಿರಕ್ಕೇ ಹೋಗಬೇಕಾಗಿತ್ತು.

ಟಾರ್ಪಿಡೋ ಇದ್ದ ದೋಣಿಗೆ ಫಿರಂಗಿ ಯಾಕೆ ಬೇಕಿತ್ತು ಎಂಬ ಪ್ರಶ್ನೆ ಸಹಜ. ಟೈಪ್ 7ಸಿ ಹೊತ್ತೊಯ್ಯಬಹುದಾಗಿದ್ದದ್ದು 14 ಟಾರ್ಪಿಡೋಗಳನ್ನು ಮಾತ್ರ, ವಾರಗಟ್ಟಲೆಯ ಯಾನಕ್ಕೆ ಅಷ್ಟೇ. ಫಿರಂಗಿಯ ಗುಂಡುಗಳಾದರೆ ಸುಮಾರು 220ರಷ್ಟು ಇರುತ್ತಿದ್ದವು. ಬೆಂಗಾವಲಿಲ್ಲದೆ ಒಂಟಿಯಾಗಿ ಸಾಗುವ ಸರಕು ಹಡಗನ್ನೋ, ಟಾರ್ಪಿಡೋ ಬಿದ್ದ ಮೇಲೂ ಮುಳುಗದೆ ತೇಲುತ್ತಿರುವ ಹಡಗನ್ನೋ ಇನ್ನೊಂದು ಟಾರ್ಪಿಡೋ ಖರ್ಚು ಮಾಡದೆ ಮುಗಿಸಲು ಇದನ್ನು ಬಳಸುತ್ತಿದ್ದರು. ಯುದ್ಧ ಮುಂದುವರಿದಂತೆ ಸರಕು ಹಡಗುಗಳಿಗೂ ಫಿರಂಗಿಗಳು ಬಂದವು, ಆಕಾಶದಲ್ಲಿ ವಿಮಾನಗಳು ಹೆಚ್ಚಿದವು, ನೀರಿನ ಮೇಲೆ ನಿಂತು ಗುಂಡು ಹಾರಿಸುವುದು ಸಾವನ್ನು ಕರೆದಂತಾಯಿತು. 1942ರ ಕೊನೆಯಿಂದ 1943ರ ಹೊತ್ತಿಗೆ ಅಟ್ಲಾಂಟಿಕ್‌ನ ಹೆಚ್ಚಿನ 7ಸಿ ದೋಣಿಗಳಿಂದ ಇದನ್ನು ಇಳಿಸಿ, ಟವರಿನ ಹಿಂದೆ ವಿಮಾನನಿರೋಧಕ ಬಂದೂಕುಗಳನ್ನು ಹೆಚ್ಚಿಸಿದರು. ಜರ್ಮನಿಯ ಲಾಬೆಯಲ್ಲಿ ಇಂದಿಗೂ ದಡದ ಮೇಲೆ ನಿಂತಿರುವ ಯು-995 ದೋಣಿಯ ಮುಂಭಾಗದ ಡೆಕ್ಕು ಬೋಳಾಗಿರುವುದು ಇದೇ ಕಾರಣಕ್ಕೆ. ಈ ಫಿರಂಗಿಗಳ ಗುರಿಯಾಗಿದ್ದ ಬ್ರಿಟಿಷ್ ಸರಕು ಹಡಗುಗಳಲ್ಲಿ ದುಡಿಯುತ್ತಿದ್ದವರಲ್ಲಿ ನಮ್ಮ ದೇಶದ ಕರಾವಳಿಗಳಿಂದ ಹೋದ ಸಾವಿರಾರು ಖಲಾಸಿಗಳೂ ಇದ್ದರು. ಮಾದರಿ ಮಾಡುವ ಕೈ ಈ ವಸ್ತುವಿನ ಕುಶಲತೆಯನ್ನು ಮೆಚ್ಚುವಾಗ ಅದರ ಬಾಯಿಯ ಎದುರಿಗಿದ್ದವರು ಯಾರೆಂಬುದನ್ನು ಮರೆಯಬಾರದು ಎಂದು ನಾನು ನಂಬಿದ್ದೇನೆ.

ಅಳತೆಯ ಆಯ್ಕೆಗೆ ಬರುತ್ತೇನೆ. ಟೈಪ್ 7ಸಿ ದೋಣಿಯ ಉದ್ದ 67.1 ಮೀಟರ್. ಮಾದರಿ ಕಿಟ್ ತಯಾರಿಸುವ ಕಂಪನಿಗಳಲ್ಲಿ ರೆವೆಲ್ ಅದನ್ನು 1/72 ಅಳತೆಯಲ್ಲೂ ಟ್ರಂಪೆಟರ್ 1/48 ಅಳತೆಯಲ್ಲೂ ಕಿಟ್ ರೂಪದಲ್ಲಿ ತಂದಿವೆ. ಮೊದಲನೆಯದು ಸುಮಾರು 93 ಸೆಂಟಿಮೀಟರ್, ಎರಡನೆಯದು ಸುಮಾರು 1.4 ಮೀಟರ್ ಆಗುತ್ತದೆ. ಫಿರಂಗಿ ಮಾತ್ರ ಮಾಡುವವನಿಗೆ ಕಪಾಟಿನ ಜಾಗದ ಚಿಂತೆಯಿಲ್ಲ, ಹಾಗಾಗಿ 1/48 ಆರಿಸಿಕೊಂಡೆ. ನಳಿಗೆಯ ಉದ್ದ ಒಳವ್ಯಾಸದ 45 ಪಟ್ಟು, ಅಂದರೆ ಸುಮಾರು 4 ಮೀಟರ್. ಮಾದರಿಯಲ್ಲಿ ಅದು 82ರಿಂದ 83 ಮಿಲಿಮೀಟರ್ ಆಗುತ್ತದೆ. 88 ಮಿಲಿಮೀಟರ್ ಒಳವ್ಯಾಸ 1.83 ಮಿಲಿಮೀಟರ್‌ಗೆ ಇಳಿಯುತ್ತದೆ. ಅಸಲಿನಲ್ಲಿ 6 ಮಿಲಿಮೀಟರ್ ದಪ್ಪವಿರುವ ಉಕ್ಕಿನ ತಗಡು ಇಲ್ಲಿ 0.125 ಮಿಲಿಮೀಟರ್ ಇರಬೇಕು. ಈ ಕೊನೆಯ ಲೆಕ್ಕವೇ ಮುಖ್ಯ. ಅಚ್ಚಿನಲ್ಲಿ ಎರಕ ಹೊಯ್ದ ಪ್ಲಾಸ್ಟಿಕ್ ಅಷ್ಟು ತೆಳುವಾಗಲಾರದು, ಆದ್ದರಿಂದ ಯಾವ ಕಿಟ್ಟಿನಲ್ಲಾದರೂ ಅಂಚುಗಳು ಅಸಲಿಗಿಂತ ಹಲವು ಪಟ್ಟು ದಪ್ಪವಾಗಿ ಬರುತ್ತವೆ, ಅದು ಆ ಮಾಧ್ಯಮದ ಮಿತಿ. ತಗಡು ಕಾಣುವ ಕಡೆಯಲ್ಲೆಲ್ಲ ಹಿತ್ತಾಳೆಯ ತೆಳು ಹಾಳೆ ಬಳಸುವುದು, ಎರಕದ ದಪ್ಪ ಭಾಗಗಳಿಗೆ ಮಾತ್ರ ಪ್ಲಾಸ್ಟಿಕ್ ಬಳಸುವುದು ಎಂದು ಮೊದಲೇ ಗೊತ್ತುಮಾಡಿಕೊಂಡೆ.

ಆಧಾರಕ್ಕೆ ಇದ್ದದ್ದು ಮುಖ್ಯವಾಗಿ ಹಳೆಯ ಛಾಯಾಚಿತ್ರಗಳು. ಅವನ್ನು ಓದುವುದೇ ಒಂದು ಕೆಲಸ. ಒಂದೇ ಬಗೆಯ ಫಿರಂಗಿಯಾದರೂ ದೋಣಿಯಿಂದ ದೋಣಿಗೆ, ಒಂದೇ ದೋಣಿಯಲ್ಲಿ ವರ್ಷದಿಂದ ವರ್ಷಕ್ಕೆ ಸಣ್ಣಪುಟ್ಟ ವ್ಯತ್ಯಾಸಗಳಿವೆ. ಹತ್ತು ಚಿತ್ರಗಳಿಂದ ಹತ್ತು ವಿವರ ಆಯ್ದು ಒಂದೇ ಮಾದರಿಯಲ್ಲಿ ತುಂಬಿದರೆ ಎಲ್ಲೂ ಇಲ್ಲದ ಫಿರಂಗಿಯೊಂದು ತಯಾರಾಗುತ್ತದೆ. ನಾನು ಫ್ರಾನ್ಸಿನ ಸೇಂಟ್ ನಜೇರ್ ಬಂದರಿನಿಂದ ಹೊರಡುತ್ತಿದ್ದ 7ನೇ ಫ್ಲೋಟಿಲ್ಲಾ ಎಂಬ ಪಡೆಯ ದೋಣಿಗಳನ್ನು, ಅದರಲ್ಲೂ 1941ರ ಸುಮಾರಿನ ಸ್ಥಿತಿಯನ್ನು ಇಟ್ಟುಕೊಂಡೆ. ಯು-96, ಯು-552 ಇದೇ ಫ್ಲೋಟಿಲ್ಲಾದವು. ಅಳತೆ ತೆಗೆಯಲು ನಳಿಗೆಯ ಉದ್ದವೇ ಅಳತೆಗೋಲು. ಚಿತ್ರವನ್ನು ಸರಿಯಾಗಿ ಪಕ್ಕದಿಂದ ತೆಗೆದಿದ್ದರೆ, ನಳಿಗೆಯಷ್ಟೇ ದೂರದಲ್ಲಿರುವ ಭಾಗಗಳನ್ನೆಲ್ಲ ಅದಕ್ಕೆ ಹೋಲಿಸಿ ಲೆಕ್ಕ ಹಾಕಬಹುದು. ಕ್ಯಾಮೆರಾಕ್ಕೆ ಹತ್ತಿರವಿರುವ ಕೈಚಕ್ರಕ್ಕೂ ಆಚೆ ಬದಿಯಲ್ಲಿರುವ ಕೈಚಕ್ರಕ್ಕೂ ಇದೇ ಗೋಲು ಹಿಡಿದರೆ ಎರಡೂ ತಪ್ಪುತ್ತವೆ.

ನಳಿಗೆಯನ್ನು 6 ಮಿಲಿಮೀಟರ್ ಹಿತ್ತಾಳೆ ಸರಳಿನಿಂದ ಸಣ್ಣ ಲೇತ್ ಮೇಲೆ ತಿರುಗಿಸಿ ಮಾಡಿದೆ. ಪ್ಲಾಸ್ಟಿಕ್ಕಿನ ಎರಡು ಹೋಳುಗಳನ್ನು ಅಂಟಿಸಿ, ಕೂಡುಗೆರೆಯನ್ನು ಉಜ್ಜಿ ತೆಗೆದ ನಳಿಗೆ ಎಷ್ಟೇ ಎಚ್ಚರವಹಿಸಿದರೂ ಪೂರ್ತಿ ದುಂಡಗೆ ಉಳಿಯುವುದಿಲ್ಲ. ಉಜ್ಜಿದ ಕಡೆ ಚಪ್ಪಟೆಯಾಗುತ್ತದೆ, ಬೆಳಕು ಬಿದ್ದಾಗ ಅದು ಎದ್ದು ಕಾಣುತ್ತದೆ. ಲೇತ್‌ನಲ್ಲಿ ಆ ತೊಡಕಿಲ್ಲ, ಆದರೆ ಬೇರೆಯದಿದೆ: ನಳಿಗೆ ಬಾಯಿಯ ಕಡೆಗೆ ಕಿರಿದಾಗುತ್ತಾ ಹೋಗುತ್ತದೆ, ಆ ಇಳಿಜಾರು ಬಹಳ ಸಣ್ಣದು. 60 ಮಿಲಿಮೀಟರ್ ಉದ್ದದಲ್ಲಿ ವ್ಯಾಸ 2 ಮಿಲಿಮೀಟರ್ ಇಳಿಯಬೇಕೆಂದರೆ ಉಳಿಯನ್ನು ಒಂದು ಡಿಗ್ರಿಗಿಂತಲೂ ಸ್ವಲ್ಪ ಕಡಿಮೆ ಓರೆಯಾಗಿ ನಡೆಸಬೇಕು. ತೆಳುವಾದ ಸರಳು ಉಳಿಯ ಒತ್ತಡಕ್ಕೆ ಬಾಗುವುದರಿಂದ ಆಚೆ ತುದಿಗೆ ಟೇಲ್‌ಸ್ಟಾಕ್ ಆಸರೆ ಕೊಟ್ಟು, ಕೂದಲೆಳೆಯಷ್ಟೇ ತೆಗೆಯುತ್ತಾ ಹೋಗಬೇಕು. ಕೊನೆಗೆ 600, 1000, 2000 ನಂಬರಿನ ಉಪ್ಪುಕಾಗದಗಳಿಂದ ಸರಳು ತಿರುಗುತ್ತಿರುವಾಗಲೇ ಉಜ್ಜಿದರೆ ಉಳಿಯ ಗೆರೆಗಳು ಹೋಗಿ ಮೈ ನುಣುಪಾಗುತ್ತದೆ. ನಳಿಗೆಯ ಒಳಗಿನ ಸುರುಳಿ ಗೀರುಗಳನ್ನು ತೋರಿಸುವ ಗೋಜಿಗೆ ಹೋಗಲಿಲ್ಲ. ದೊಡ್ಡ ಅಳತೆಯ ಮಾದರಿಗಳಲ್ಲಿ ಅದಕ್ಕೆ ಅರ್ಥವಿದೆ. ಇಲ್ಲಿ ಒಂದು ಗೀರಿನ ಆಳ ಬಣ್ಣದ ಒಂದು ಪದರದಷ್ಟೂ ಆಗುವುದಿಲ್ಲ. ಅಲ್ಲದೆ ನನ್ನ ಮಾದರಿಯಲ್ಲಿ ಆ ಬಾಯಿ ತೆರೆದೇ ಇಲ್ಲ.

ಬಾಯಿಯನ್ನು ಮುಚ್ಚುವ ಬಿರಡೆಯ ಬಗ್ಗೆ ವಿವರವಾಗಿ ಬರೆಯಬೇಕು, ಏಕೆಂದರೆ ಇಡೀ ಫಿರಂಗಿಯಲ್ಲಿ ಅತಿ ಚಿಕ್ಕದಾಗಿದ್ದು ಅತಿ ದೊಡ್ಡ ಕತೆ ಹೇಳುವ ಭಾಗ ಅದೇ. ದೋಣಿ ಮುಳುಗುವ ಮೊದಲು ನಳಿಗೆಯ ಬಾಯಿಗೆ ನೀರು ಹೋಗದ ಬಿರಡೆ ಹಾಕಿ ಬಿಗಿಯುತ್ತಿದ್ದರು. ಅದರ ಮೇಲೆ ಬೀಳುವ ಭಾರವನ್ನು ಲೆಕ್ಕ ಹಾಕಬಹುದು. 100 ಮೀಟರ್ ಆಳದಲ್ಲಿ ನೀರಿನ ಒತ್ತಡ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 10 ಕಿಲೋ. 88 ಮಿಲಿಮೀಟರ್ ವ್ಯಾಸದ ಬಾಯಿಯ ವಿಸ್ತೀರ್ಣ ಸುಮಾರು 61 ಚದರ ಸೆಂಟಿಮೀಟರ್. ಅಂದರೆ ಅಂಗೈಯಗಲದ ಆ ಮುಚ್ಚಳವನ್ನು 600 ಕಿಲೋದಷ್ಟು ಭಾರ ಒಳಕ್ಕೆ ಒತ್ತುತ್ತಿರುತ್ತದೆ. ಇಷ್ಟು ಭಾರ ತಾಳುವ ಬಿರಡೆ ಬಟ್ಟೆಯ ಹೊದಿಕೆಯಂಥದ್ದಲ್ಲ, ಗಟ್ಟಿ ಲೋಹದ್ದು. ಮೇಲೆ ಬಂದ ಮೇಲೆ ಮೊದಲ ಗುಂಡು ಹಾರಿಸುವ ಮುನ್ನ ಅದನ್ನು ತೆಗೆಯಲೇಬೇಕು.

ತೆಗೆಯದಿದ್ದರೆ ಏನಾಗುತ್ತದೆ ಎಂಬುದಕ್ಕೆ 1942ರ ಫೆಬ್ರುವರಿ 16ರ ನಸುಕಿನ ಘಟನೆ ಸಾಕ್ಷಿ. ಕೆರಿಬಿಯನ್ ಸಮುದ್ರದ ಅರೂಬಾ ದ್ವೀಪದ ಸ್ಯಾನ್ ನಿಕೊಲಾಸ್‌ನಲ್ಲಿ ಆಗ ಜಗತ್ತಿನ ಅತಿ ದೊಡ್ಡ ತೈಲ ಸಂಸ್ಕರಣಾಗಾರಗಳಲ್ಲಿ ಒಂದಿತ್ತು. ವೆರ್ನರ್ ಹಾರ್ಟೆನ್‌ಸ್ಟೈನ್ ನಾಯಕತ್ವದ ಯು-156, ಟೈಪ್ 9ಸಿ ದೋಣಿ, ಅಲ್ಲಿ ಲಂಗರು ಹಾಕಿದ್ದ ತೈಲ ಹಡಗುಗಳಿಗೆ ಟಾರ್ಪಿಡೋ ಹೊಡೆದು, ನಂತರ ಸಂಸ್ಕರಣಾಗಾರದ ಮೇಲೆ ತನ್ನ 10.5 ಸೆಂಟಿಮೀಟರ್ ಡೆಕ್ ಗನ್ನಿನಿಂದ ಗುಂಡು ಹಾರಿಸಲು ಹೊರಟಿತು. ಕತ್ತಲೆ, ಅವಸರ, ಬಿರಡೆ ನಳಿಗೆಯ ಬಾಯಲ್ಲೇ ಉಳಿದಿತ್ತು. ಮೊದಲ ಗುಂಡಿಗೇ ನಳಿಗೆಯ ತುದಿ ಸಿಡಿದು ಸೀಳಿತು. ಫಿರಂಗಿ ತಂಡದ ಒಬ್ಬ ನಾವಿಕ ಸತ್ತ, ತಂಡದ ಅಧಿಕಾರಿ ಒಂದು ಕಾಲು ಕಳೆದುಕೊಂಡ. ಅವನನ್ನು ಬಳಿಕ ಮಾರ್ಟಿನಿಕ್ ದ್ವೀಪದಲ್ಲಿ ಇಳಿಸಬೇಕಾಯಿತು. ಸಂಸ್ಕರಣಾಗಾರ ಉಳಿಯಿತು. ಇದಾದ ಮೇಲೆ ದೋಣಿಯವರು ಮಾಡಿದ ಕೆಲಸ ಇನ್ನೂ ಆಶ್ಚರ್ಯದ್ದು: ಹಾಳಾದ ತುದಿಯನ್ನು ನಡುಸಮುದ್ರದಲ್ಲಿ ಕೈಗರಗಸದಿಂದ ಕೊಯ್ದು ತೆಗೆದು, ಮೋಟಾದ ಅದೇ ಫಿರಂಗಿಯಿಂದ ಫೆಬ್ರುವರಿ 27ರಂದು ಮ್ಯಾಕ್‌ಗ್ರೆಗರ್ ಎಂಬ ಬ್ರಿಟಿಷ್ ಹಡಗನ್ನೂ ಮರುದಿನ ಆರೆಗಾನ್ ಎಂಬ ಅಮೆರಿಕನ್ ತೈಲ ಹಡಗನ್ನೂ ಮುಳುಗಿಸಿದರು. ಮುಂದಿನ ವರ್ಷ, 1943ರ ಮಾರ್ಚ್ 8ರಂದು, ಬಾರ್ಬಡೋಸ್‌ನ ಪೂರ್ವಕ್ಕೆ ಅಮೆರಿಕದ ಕ್ಯಾಟಲೀನಾ ವಿಮಾನವೊಂದು ಯು-156ನ್ನು ಮುಳುಗಿಸಿತು; ದೋಣಿಯಲ್ಲಿದ್ದವರಲ್ಲಿ ಯಾರೂ ಬದುಕಲಿಲ್ಲ.

ಈ ಘಟನೆ ಓದಿದ ಮೇಲೆ ಬಿರಡೆಯನ್ನು ನಳಿಗೆಯ ತುದಿಯಲ್ಲೊಂದು ವೃತ್ತ ಗೀಚಿ ತೋರಿಸುವುದು ನನಗೆ ಸಮ್ಮತವಾಗಲಿಲ್ಲ. ಅದನ್ನು ಬೇರೆಯದೇ ತುಂಡಾಗಿ ಮಾಡಿದೆ. ನಳಿಗೆಯನ್ನು ಲೇತ್‌ನಿಂದ ಇಳಿಸುವ ಮೊದಲೇ ಬಾಯಿಯನ್ನು 1.8 ಮಿಲಿಮೀಟರ್ ಡ್ರಿಲ್‌ನಿಂದ ಕೊರೆದುಕೊಂಡೆ. ಬಿರಡೆಯ ಹಿಂಬದಿ ಆ ರಂಧ್ರದೊಳಗೆ ಇಳಿಯುತ್ತದೆ, ಮುಂಬದಿಯ ಅಗಲವಾದ ತಟ್ಟೆ ಬಾಯಿಯ ಅಂಚಿನ ಮೇಲೆ ಕೂರುತ್ತದೆ. ಎರಡರ ನಡುವೆ ಕೂದಲಿನಷ್ಟು ಸಂದು ಬಿಟ್ಟೆ. ಬಣ್ಣ ಹಚ್ಚಿದ ಮೇಲೆ ಆ ಸಂದಿನಲ್ಲಿ ನೆರಳು ನಿಂತು, ಇದು ತೆಗೆದು ಹಾಕುವ ಭಾಗ ಎಂದು ಕಣ್ಣಿಗೆ ಗೊತ್ತಾಗುತ್ತದೆ. ಮಾದರಿಗಳಲ್ಲಿ ನಳಿಗೆಯ ಬಾಯಿ ತೆರೆದಿರುವುದನ್ನೇ ಹೆಚ್ಚಾಗಿ ನೋಡುತ್ತೇವೆ, ಆಳವಾಗಿ ಕೊರೆದ ರಂಧ್ರ ಕುಶಲತೆಯ ಗುರುತು ಎಂದು ಮೆಚ್ಚುತ್ತೇವೆ. ಆದರೆ ತಂಡ ಸುತ್ತ ನಿಂತಿರದ, ಯಾನದಲ್ಲಿರುವ ದೋಣಿಯ ಫಿರಂಗಿ ಬಾಯಿ ತೆರೆದುಕೊಂಡಿರುವುದು ಸರಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಅಪಾಯ ಕಂಡೊಡನೆ ಅರ್ಧ ನಿಮಿಷದಲ್ಲಿ ನೀರೊಳಗೆ ಹೋಗಬೇಕಾದ ದೋಣಿ ಅದು.

ಅದೇ ಅರ್ಧ ನಿಮಿಷ ಉಳಿದ ಸಂಗತಿಗಳನ್ನೂ ತೀರ್ಮಾನಿಸಿದೆ. ಯುದ್ಧನೌಕೆಯ ಫಿರಂಗಿಗಳಿಗೆ ಇರುವ ಗುರಾಣಿ ಇದಕ್ಕಿಲ್ಲ. ಇದ್ದಿದ್ದರೆ ನೀರಿನಡಿ ಎದುರೊತ್ತಿ, ಮೊದಲೇ ಕಡಿಮೆಯಿದ್ದ ವೇಗವನ್ನು ಇನ್ನಷ್ಟು ತಗ್ಗಿಸುತ್ತಿತ್ತು. ನೀರಿನ ಮೇಲೆ 17.7 ನಾಟ್ ವೇಗದಲ್ಲಿ ಹೋಗುವ ದೋಣಿ ನೀರಿನಡಿ 7.6 ನಾಟ್ ವೇಗದಲ್ಲಿ ಮಾತ್ರ ಹೋಗುತ್ತಿತ್ತು. ಗುರಿ ನೋಡುವ ದೂರದರ್ಶಕವನ್ನು ಬಿಚ್ಚಿ ಕೆಳಗೆ ಒಯ್ಯುತ್ತಿದ್ದರು. ಹಾಗಾಗಿ ನನ್ನ ಮಾದರಿಯಲ್ಲಿ ದೂರದರ್ಶಕ ಇಲ್ಲ, ಅದನ್ನು ಕೂರಿಸುವ ಹಿಡಿಕೆ ಮಾತ್ರ ಖಾಲಿಯಾಗಿದೆ. ಆ ಖಾಲಿ ಹಿಡಿಕೆಗೆ ದೂರದರ್ಶಕಕ್ಕೆ ಹಿಡಿಯುವುದಕ್ಕಿಂತ ಹೆಚ್ಚು ಶ್ರಮ ಹಿಡಿಯಿತು, ಏಕೆಂದರೆ ಮರೆಮಾಡುವ ವಸ್ತುವೇ ಇಲ್ಲದಿದ್ದಾಗ ಅದರ ಒಳಮೈ, ಅಂಚು, ಬಿಗಿಯುವ ತಿರುಪು ಎಲ್ಲವೂ ಬಯಲಾಗಿ ಕಾಣುತ್ತವೆ. 0.13 ಮಿಲಿಮೀಟರ್ ಹಿತ್ತಾಳೆ ಹಾಳೆಯನ್ನು ಕತ್ತರಿಸಿ ಬಾಗಿಸಿ, ಬೆಸುಗೆ ಹಾಕಿ ಅದನ್ನು ಮಾಡಿದೆ.

ಫಿರಂಗಿ ನಿಲ್ಲುವ ಪೀಠ ಇದಕ್ಕೆ ತದ್ವಿರುದ್ಧ, ಗಡುಸಾದದ್ದು. ಹಾರಿಸಿದಾಗಿನ ಹಿನ್ನೊದೆತವೆಲ್ಲ ಅದರ ಮೂಲಕ ದೋಣಿಯ ಒಳಕವಚಕ್ಕೆ ಇಳಿಯಬೇಕು. ಪ್ಲಾಸ್ಟಿಕ್ ಕೊಳವೆ ಮತ್ತು ದುಂಡು ತಟ್ಟೆಗಳನ್ನು ಜೋಡಿಸಿ ಆಕಾರ ಪಡೆದ ಮೇಲೆ, ಎರಕದ ಲೋಹದ ಒರಟುತನ ಬರಿಸಲು ಗಟ್ಟಿಯಾದ ಪ್ರೈಮರನ್ನು ಹಳೆಯ ಮೊಂಡು ಕುಂಚದಿಂದ ಚುಚ್ಚಿ ಚುಚ್ಚಿ ಹಚ್ಚಿ, ಒಣಗಿದ ಮೇಲೆ ಉಪ್ಪುಕಾಗದದಿಂದ ಹಗುರವಾಗಿ ಸವರಿದೆ. ಹೀಗೆ ಸವರುವುದನ್ನು ಬಿಡಬಾರದು. ಬಿಟ್ಟರೆ ಒರಟು ಹೆಚ್ಚಾಗಿ ಎರಕ ಹೋಗಿ ಗಾರೆ ಗೋಡೆ ಆಗುತ್ತದೆ. ಬುಡದ ಸುತ್ತಲಿನ ಬೋಲ್ಟ್ ತಲೆಗಳನ್ನು 0.75 ಮಿಲಿಮೀಟರ್ ಆರುಮೂಲೆಯ ಪ್ಲಾಸ್ಟಿಕ್ ಕಡ್ಡಿಯಿಂದ ಹೋಳು ಮಾಡಿ ಅಂಟಿಸಿದೆ. ಅಸಲಿನಲ್ಲಿ ಅದು 36 ಮಿಲಿಮೀಟರ್ ಆಗುತ್ತದೆ, ಇಂಥ ಪೀಠಕ್ಕೆ ತಕ್ಕ ಗಾತ್ರ. ಬೋಲ್ಟ್‌ಗಳ ಮೂಲೆಗಳೆಲ್ಲ ಒಂದೇ ದಿಕ್ಕಿಗೆ ಸಾಲಾಗಿ ನಿಲ್ಲದಂತೆ ನೋಡಿಕೊಂಡೆ, ಸ್ಪ್ಯಾನರ್ ಹಿಡಿದು ಬಿಗಿದ ಬೋಲ್ಟ್ ಹಾಗೆ ಸಾಲಾಗಿ ನಿಲ್ಲುವುದಿಲ್ಲ.

ನನಗೆ ಅತಿ ಹೆಚ್ಚು ಸಂತೋಷ ಕೊಟ್ಟ ಭಾಗವೆಂದರೆ ಕೈಚಕ್ರಗಳು ಮತ್ತು ಮೈಯಾನಿಕೆಗಳು. ಫಿರಂಗಿಯ ಎಡಕ್ಕೊಬ್ಬ, ಬಲಕ್ಕೊಬ್ಬ ನಿಂತು ಒಬ್ಬ ನಳಿಗೆಯನ್ನು ಏರಿಸಿ ಇಳಿಸುತ್ತಿದ್ದ, ಇನ್ನೊಬ್ಬ ಅಡ್ಡಕ್ಕೆ ತಿರುಗಿಸುತ್ತಿದ್ದ. ಅಲೆ ಡೆಕ್ಕಿನ ಮೇಲೆ ಹರಿದುಹೋಗುವಾಗ ಕಾಲು ಜಾರದಂತೆ ಮೈಯನ್ನು ಒತ್ತಿ ನಿಲ್ಲಲು ಮೆತ್ತೆ ಸುತ್ತಿದ ಬಾಗಿದ ಕಂಬಿಗಳಿದ್ದವು. ಸಮುದ್ರ ಕೆಟ್ಟಿದ್ದಾಗ ತಂಡದವರು ಸೊಂಟಕ್ಕೆ ಪಟ್ಟಿ ಕಟ್ಟಿ ಕೊಂಡಿ ಹಾಕಿಕೊಂಡೇ ಕೆಲಸ ಮಾಡುತ್ತಿದ್ದರು. ಇವರಿಗೆ ಗುಂಡು ಒದಗಿಸಲು ಕೆಳಗಿನ ಮದ್ದಿನ ಕೋಣೆಯಿಂದ ಕಂಟ್ರೋಲ್ ರೂಮ್, ಟವರಿನ ಕಿಂಡಿ, ಮತ್ತೆ ಡೆಕ್ಕು ಹೀಗೆ ಕೈಯಿಂದ ಕೈಗೆ ದಾಟಿಸುವ ಜನರ ಸರಪಳಿಯೇ ಬೇಕಾಗುತ್ತಿತ್ತು. ಮೊದಲ ಕೆಲವು ಗುಂಡುಗಳನ್ನು ಮಾತ್ರ ಫಿರಂಗಿಯ ಬಳಿ, ಡೆಕ್ಕಿನ ಹಲಗೆಯ ಕೆಳಗೆ, ನೀರು ಹೋಗದ ಡಬ್ಬಿಗಳಲ್ಲಿ ಇಟ್ಟಿರುತ್ತಿದ್ದರು.

ಕೈಚಕ್ರಕ್ಕೆ 0.5 ಮಿಲಿಮೀಟರ್ ಹಿತ್ತಾಳೆ ತಂತಿ ತೆಗೆದುಕೊಂಡೆ. ತಂತಿಯನ್ನು ಮೊದಲು ದೀಪದ ಉರಿಯಲ್ಲಿ ಕೆಂಪಗೆ ಕಾಯಿಸಿ ಆರಲು ಬಿಟ್ಟರೆ ಅದರ ಸೆಟೆತ ಹೋಗಿ ಮೆತ್ತಗಾಗುತ್ತದೆ. ಆಮೇಲೆ ಡ್ರಿಲ್ ಬಿಟ್ಟಿನ ನುಣುಪಾದ ಹಿಂಬದಿಗೆ ಒತ್ತೊತ್ತಾಗಿ ಸುರುಳಿ ಸುತ್ತಿ, ಸುರುಳಿಯನ್ನು ಉದ್ದಕ್ಕೆ ಒಂದು ಗೆರೆಯಲ್ಲಿ ಕೊಯ್ದರೆ ಒಂದೇ ಅಳತೆಯ ಉಂಗುರಗಳು ಉದುರುತ್ತವೆ. ಇದು ಅಕ್ಕಸಾಲಿಗರು ಸರದ ಕೊಂಡಿ ಮಾಡುವ ವಿಧಾನವೇ. ಬೆಂಗಳೂರಿನ ನಗರ್ತಪೇಟೆಯಲ್ಲಿ ಅವರಿಗೆ ಮಾರುವ ಕೂದಲಗರಗಸ, ಸಣ್ಣ ಅರ, ಮೊನಚು ಚಿಮಟಗಳು ಈ ಹವ್ಯಾಸಕ್ಕೆ ಹೇಳಿ ಮಾಡಿಸಿದಂತಿವೆ, ಹೊರದೇಶದಿಂದ ತರಿಸುವ ಉಪಕರಣಗಳ ಅಗತ್ಯ ನನಗೆ ಬಹಳ ಕಡಿಮೆ ಬಿದ್ದಿದೆ. ಚಕ್ರದ ಕಡ್ಡಿಗಳನ್ನು ಕೂರಿಸಲು ಮರದ ತುಂಡಿನಲ್ಲಿ ಉಂಗುರದ ಗಾತ್ರದ ತಗ್ಗು ಕೊರೆದು, ಎಲ್ಲವನ್ನೂ ಅದರಲ್ಲಿ ಮಲಗಿಸಿ, ಕಾದ ಕಬ್ಬಿಣದ ತುದಿಯಿಂದ ಒಂದೊಂದೇ ಕೂಡಿಗೆ ಬೆಸುಗೆ ಮುಟ್ಟಿಸಿದೆ. ಬೆಸುಗೆ ಮುಗಿದ ಮೇಲೆ ಹುಣಸೆಹುಳಿಯಲ್ಲಿ ನೆನೆಹಾಕಿ ಮೆತ್ತನೆಯ ಬ್ರಷ್ಷಿನಿಂದ ತಿಕ್ಕಿದರೆ ಕಿಲುಬು, ಜಿಡ್ಡು ಎರಡೂ ಹೋಗಿ ಪ್ರೈಮರ್ ಹಿಡಿಯುವ ಮೈ ಸಿಗುತ್ತದೆ. ಮೈಯಾನಿಕೆಯ ಮೆತ್ತೆಗೆ ಎಪಾಕ್ಸಿ ಪುಟ್ಟಿಯನ್ನು ತೆಳುವಾಗಿ ಹೊಸೆದು ಕಂಬಿಗೆ ಸುತ್ತಿ, ಗಟ್ಟಿಯಾಗುವ ಮೊದಲು ಸೂಜಿಯ ಬೆನ್ನಿನಿಂದ ಬಾಗಿನ ಒಳಬದಿಯಲ್ಲಿ ಸುಕ್ಕುಗಳನ್ನು ಒತ್ತಿದೆ. ಹೊರಬದಿ ಬಿಗಿದಿರುತ್ತದೆ, ಅಲ್ಲಿ ಸುಕ್ಕು ಬೇಡ.

ನಳಿಗೆಯ ಹಿಂಬದಿಯನ್ನು ಮುಚ್ಚುವುದು ಜಾರುವ ಬೆಣೆಯ ಆಕಾರದ ಉಕ್ಕಿನ ಗಟ್ಟಿ. ಮಾದರಿಯಲ್ಲಿ ಅದು ಮುಚ್ಚಿದೆ. ಗಟ್ಟಿಯ ಅಂಚಿನ ಗೆರೆಯನ್ನು ಚೂಪಾದ ಮೊನೆಯಿಂದ ಕೆತ್ತಿ, ತೆರೆಯುವ ಹಿಡಿಯನ್ನು ತಂತಿಯಿಂದ ಮಾಡಿದರೆ ಸಾಕಾಗುತ್ತದೆ.

ಡೆಕ್ಕಿನ ತುಂಡಿಗೆ ಬರೋಣ. ಅಸಲು ಡೆಕ್ಕು ದೋಣಿಯ ಒತ್ತಡ ತಾಳುವ ಕವಚವಲ್ಲ. ಅದರ ಮೇಲೆ ಕಟ್ಟಿದ ಹಗುರ ಚೌಕಟ್ಟು. ಪಟ್ಟಿಗಳ ನಡುವೆ ಸಂದುಗಳಿದ್ದು, ಮುಳುಗುವಾಗ ನೀರು ನುಗ್ಗಿ ಏಳುವಾಗ ಸುರಿದುಹೋಗುತ್ತಿತ್ತು. ಈ ಸಂದುಗಳು ಗೆರೆಗಳಲ್ಲ, ತೂತುಗಳು. ಅವುಗಳ ಕೆಳಗೆ ಕತ್ತಲೆ ಕಾಣಬೇಕು. ಹಾಗಾಗಿ ನಾನು ಹಾಳೆಯ ಮೇಲೆ ಗೆರೆ ಕೊರೆಯದೆ ಪಟ್ಟಿಗಳನ್ನು ಒಂದೊಂದಾಗಿ ಕತ್ತರಿಸಿ ಅಡ್ಡತೊಲೆಗಳ ಮೇಲೆ ಜೋಡಿಸಿ, ಕೆಳಗೆ ಒಂದಿಷ್ಟು ಆಳ ಬಿಟ್ಟು ತಳವನ್ನು ಕಪ್ಪಗೆ ಮಾಡಿದೆ. ನಿಜವಾದ ಮರ ಬಳಸಲಿಲ್ಲ: 1/48 ಅಳತೆಗೆ ಮರದ ಎಳೆ ತೀರ ದೊಡ್ಡದಾಗಿ ಕಾಣುತ್ತದೆ. ಪ್ಲಾಸ್ಟಿಕ್ ಪಟ್ಟಿಯನ್ನು ಒರಟು ಉಪ್ಪುಕಾಗದದಿಂದ ಉದ್ದಕ್ಕೆ ಎಳೆದರೆ ಬೇಕಾದಷ್ಟು ಎಳೆ ಬರುತ್ತದೆ. ಗುಂಡಿನ ಡಬ್ಬಿಗಳ ಮೇಲಿನ ಮುಚ್ಚಳಕ್ಕೆ ಬೆರಳು ತೂರುವ ಸಂದು, ಕೀಲು ಎರಡನ್ನೂ ಕೊಟ್ಟೆ. ಫಿರಂಗಿಯ ಮೇಲೆ ಹಾದು ಟವರಿನಿಂದ ಮೂತಿಯವರೆಗೆ ಹೋಗುವ ತಂತಿಯ ಒಂದು ಭಾಗ ನನ್ನ ತುಂಡಿನ ಮೇಲೂ ಬರಬೇಕಾಗಿತ್ತು, ಅದಕ್ಕೆ ಹಿಗ್ಗುವ ಸಣ್ಣ ದಾರವನ್ನು ಎರಡು ಕಂಬಗಳ ನಡುವೆ ಬಿಗಿದೆ. ಈ ತಂತಿ ತಪ್ಪಿದರೆ ಫಿರಂಗಿಗೆ ತಲೆಯ ಮೇಲೆ ಇದ್ದ ಅಡ್ಡಿಯೇ ಕಾಣದೆ ಹೋಗುತ್ತದೆ.

ಬಣ್ಣದ ವಿಷಯದಲ್ಲಿ ನನ್ನ ನಿಲುವು ಸ್ವಲ್ಪ ಬಿಗಿಯಾದದ್ದು. ದೋಣಿಯ ಮೇಲ್ಭಾಗಕ್ಕೆ ಬಳಸುತ್ತಿದ್ದ ಹೆಲ್‌ಗ್ರೌ 50 ಎಂಬ ತಿಳಿಬೂದು ಬಣ್ಣವನ್ನೇ ಫಿರಂಗಿಗೂ ಹಚ್ಚಿದೆ, ಡೆಕ್ಕಿಗೆ ಕಪ್ಪಿಗೆ ಸಮೀಪದ ಬೂದು. ಸಣ್ಣ ವಸ್ತುವಿನ ಮೇಲೆ ಬಣ್ಣ ಗಾಢವಾಗಿ ಕಾಣುವುದರಿಂದ ಬಿಳಿಯನ್ನು ಚೂರು ಬೆರೆಸಿ ತಿಳಿಗೊಳಿಸಿದೆ. ಆಮೇಲೆ ಬರುವುದು ತುಕ್ಕಿನ ಪ್ರಶ್ನೆ. ಜಲಾಂತರ್ಗಾಮಿ ಎಂದೊಡನೆ ಮಾದರಿಯನ್ನು ತಲೆಯಿಂದ ಕಾಲಿನವರೆಗೆ ಕಿತ್ತಳೆ ತುಕ್ಕಿನಲ್ಲಿ ಅದ್ದುವ ರೂಢಿಯಿದೆ. ದೋಣಿಯ ಹೊರಮೈಗೆ ಅದು ಹೊಂದಬಹುದು, ಫಿರಂಗಿಗೆ ಹೊಂದುವುದಿಲ್ಲ. ತಿರುಗಬೇಕಾದ, ಜಾರಬೇಕಾದ ಭಾಗಗಳು ಮುಳುಗಿ ಎದ್ದ ಮೇಲೂ ಸಿಕ್ಕಿಕೊಳ್ಳದೆ ನಡೆಯಬೇಕಾದರೆ ಅವುಗಳಿಗೆ ಧಾರಾಳವಾಗಿ ಗ್ರೀಸ್ ಬಳಿದಿರಬೇಕು, ಗ್ರೀಸ್ ಇರುವಲ್ಲಿ ತುಕ್ಕು ಏಳದು.

ಉಪ್ಪುನೀರು, ಗ್ರೀಸ್, ಬಣ್ಣ ಮೂರೂ ಒಂದೇ ಯಂತ್ರದ ಮೇಲೆ ಹೇಗೆ ವರ್ತಿಸುತ್ತವೆ ಎಂಬುದನ್ನು ನೋಡಲು ಯುದ್ಧನೌಕೆಯೇ ಆಗಬೇಕಿಲ್ಲ. ಮಲ್ಪೆ ಬಂದರಿನಲ್ಲಿ ಉಕ್ಕಿನ ಮೀನುಗಾರಿಕಾ ದೋಣಿಗಳ ವಿಂಚ್‌ಗಳನ್ನು ಹತ್ತಿರದಿಂದ ನೋಡಿದಾಗ ನನಗೆ ಬೇಕಾದದ್ದೆಲ್ಲ ಸಿಕ್ಕಿತು. ಹಲ್ಲುಚಕ್ರಗಳ ಮೇಲಿನ ಗ್ರೀಸ್ ಹೊಸದಾಗಿದ್ದಾಗ ಕಂದು, ಹಳತಾದಂತೆ ಧೂಳು ಉಪ್ಪು ಹಿಡಿದು ಕಪ್ಪು; ಅದು ಹರಿಯುವುದಿಲ್ಲ, ಅಂಚಿನಲ್ಲಿ ಗುಪ್ಪೆಯಾಗಿ ನಿಲ್ಲುತ್ತದೆ. ತುಕ್ಕು ಕಾಣುವುದು ಬಯಲಾದ ಸಮತಟ್ಟು ಮೈಯಲ್ಲಿ ಅಲ್ಲ. ಬೋಲ್ಟ್ ತಲೆಯ ಬುಡ, ಬೆಸುಗೆಯ ಗೆರೆ, ಹಗ್ಗ ತಗುಲಿ ಬಣ್ಣ ಹೋದ ಮೂಲೆ, ಹೀಗೆ ನೀರು ನಿಲ್ಲುವ ಅಥವಾ ಏನಾದರೂ ಉಜ್ಜುವ ಜಾಗಗಳಲ್ಲಿ. ಉಪ್ಪು ಒಣಗಿದಾಗ ಬಿಡುವ ಬಿಳಿ ಕಲೆಯೂ ಸೋರಿದ ಗೆರೆಗಿಂತ ಹೆಚ್ಚಾಗಿ ನೀರು ನಿಂತು ಆರಿದ ಅಂಚಿನಲ್ಲಿ ಉಳಿಯುತ್ತದೆ.

ಇದನ್ನೇ ಅನುಸರಿಸಿ, ಪೀಠದ ಬುಡದ ಬೋಲ್ಟ್‌ಗಳ ಸುತ್ತ ಮಾತ್ರ ಕಡುಗಂದು ಎಣ್ಣೆಬಣ್ಣವನ್ನು ನೀರಾಗಿಸಿ ಬಿಟ್ಟೆ, ಅರ್ಧ ಒಣಗಿದಾಗ ಒದ್ದೆ ಕುಂಚದಿಂದ ಹೆಚ್ಚಿನದನ್ನು ಮೇಲಿನಿಂದ ಕೆಳಕ್ಕೆ ಎಳೆದು ತೆಗೆದೆ. ನಳಿಗೆ ಹಿಂದಕ್ಕೆ ಸರಿಯುವ ಜಾಗದಲ್ಲಿ ಬಣ್ಣ ಹಚ್ಚದೆ ಲೋಹವನ್ನೇ ಬಿಟ್ಟು, ಅದರ ಮೇಲೆ ಕಂದು ಎಣ್ಣೆಬಣ್ಣಕ್ಕೆ ಹೊಳಪಿನ ವಾರ್ನಿಶ್ ಬೆರೆಸಿ ಗ್ರೀಸಿನ ಗುಪ್ಪೆಗಳನ್ನಿಟ್ಟೆ. ಮೈಯಾನಿಕೆಯ ಮೆತ್ತೆಗೆ ಕಪ್ಪು ಕೊಟ್ಟು, ಮೈ ತಾಗುವ ನಡುಭಾಗಕ್ಕೆ ಮಾತ್ರ ಚೂರು ಹೊಳಪು ಬರಿಸಿದೆ. ಕೈಚಕ್ರದ ಅಂಚಿನಲ್ಲಿ, ಕೈ ಹಿಡಿಯುವ ಕಡೆ, ಬೂದು ಬಣ್ಣ ಸವೆದು ಹಿತ್ತಾಳೆ ಹೊಳೆಯತೊಡಗಿತ್ತು. ಅದನ್ನು ಹಾಗೆ ಬಿಡಲು ಬರುವುದಿಲ್ಲ, ಅಸಲು ಚಕ್ರ ಉಕ್ಕಿನದೆಂದು ತೋರಬೇಕು. ಸೀಸದಕಡ್ಡಿಯ ಪುಡಿಯನ್ನು ಬೆರಳ ತುದಿಯಿಂದ ತಿಕ್ಕಿದಾಗ ಉಕ್ಕಿನ ಬಣ್ಣ ಬಂತು. ಬಿರಡೆಯ ಸುತ್ತಲಿನ ಸಂದಿಗೆ ಗ್ರೀಸಿನ ಒಂದು ತೆಳು ವರ್ತುಲ ಎಳೆದೆ.

ಈಗ ಇದರ ಮೇಲೆ ಅಕ್ರಿಲಿಕ್ ಪೆಟ್ಟಿಗೆ ಕೂರಿಸಿದ್ದೇನೆ, ಪಕ್ಕದಲ್ಲಿ ಗಾತ್ರ ತಿಳಿಯಲೆಂದು ಬಣ್ಣ ಹಚ್ಚದ ಒಬ್ಬ ಮನುಷ್ಯನ ಬೊಂಬೆ ಇದೆ. 175 ಸೆಂಟಿಮೀಟರ್ ಎತ್ತರದವನು ಈ ಅಳತೆಯಲ್ಲಿ 36 ಮಿಲಿಮೀಟರ್. ಫಿರಂಗಿಯ ಹಿಂಬದಿ ಅವನ ಎದೆಯ ಹತ್ತಿರಕ್ಕೆ ಬರುತ್ತದೆ. ಮುಂದೆ ಟವರಿನ ಹಿಂದೆ ನಿಲ್ಲುತ್ತಿದ್ದ 2 ಸೆಂಟಿಮೀಟರ್ ವಿಮಾನನಿರೋಧಕ ಬಂದೂಕನ್ನು ಇದೇ ಅಳತೆಯಲ್ಲಿ ಮಾಡಲು ಚಿತ್ರಗಳನ್ನು ಕೂಡಿಹಾಕುತ್ತಿದ್ದೇನೆ. ಅದರ ನಳಿಗೆಯ ಒಳವ್ಯಾಸ ಮಾದರಿಯಲ್ಲಿ ಅರ್ಧ ಮಿಲಿಮೀಟರಿಗೂ ಕಡಿಮೆ ಆಗುವುದರಿಂದ, ಲೇತ್ ಬದಲು ಇಂಜೆಕ್ಷನ್ ಸೂಜಿಯ ಕೊಳವೆಯಿಂದ ಶುರುಮಾಡುವ ಯೋಚನೆಯಿದೆ.